ಬಿದ್ದಲ್ಲೇ ಏಳುವ ಕಲ್ಲು

ನನ್ನ ತಂಗಿಯ ಮೊದಲ ಮಗು ಒಂಬತ್ತು ದಿನ ಬದುಕಿತ್ತು. ಹೆಣ್ಣು ಮಗು. ಚೊಚ್ಚಲ ಬಾಣಂತನವಾದ್ದರಿಂದ ಅವಳು ತವರಿಗೆ, ಅಂದರೆ ಕಾಗವಾಡದ ಹತ್ತಿರದ ನಮ್ಮ ತೋಟದ ಮನೆಗೆ ಬಂದಿದ್ದಳು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಅಟ್ಟದ ಮೇಲಿನ ಹಳೆಯ ತೊಟ್ಟಿಲನ್ನು ಇಳಿಸಿ, ಎಣ್ಣೆಬಟ್ಟೆಯಿಂದ ಒರೆಸಿ, ಪಡಸಾಲೆಯಲ್ಲಿ ಇಟ್ಟಿದ್ದರು. ಒಂಬತ್ತನೆಯ ದಿನ ಬೆಳಿಗ್ಗೆ ಅಪ್ಪ ಮತ್ತು ಅಣ್ಣ ಮಗುವನ್ನು ಎತ್ತಿಕೊಂಡು ದ್ರಾಕ್ಷಿ ತೋಟದ ಆಚೆಗಿನ ಬದುವಿನವರೆಗೆ ಹೋಗಿ ಬಂದರು. ಅವರು ಬಂದು ಕೈಕಾಲು ತೊಳೆಯುವಷ್ಟರಲ್ಲಿ ತೊಟ್ಟಿಲು ಮತ್ತೆ ಅಟ್ಟಕ್ಕೆ ಏರಿತ್ತು.

ನಮ್ಮ ಮನೆತನದಲ್ಲಿ ಹೆಸರಿಡುವ ಮೊದಲೇ ಹೋದ ಕೂಸಿಗೆ ತಿಥಿಯಿಲ್ಲ, ನೆನಪಿನ ದಿನವಿಲ್ಲ. ಅದರ ಮಾತನ್ನೇ ಎತ್ತಬಾರದು. ಮಾತೆತ್ತಿದರೆ ಮುಂದಿನ ಕೂಸಿಗೆ ಒಳ್ಳೆಯದಲ್ಲವಂತೆ. "ಅದು ಇರಾಕ ಬಂದ ಕೂಸಲ್ಲವ್ವಾ, ಹೊಳ್ಳಿ ಹೋಗಾಕ ಬಂದಿದ್ದು. ಮರತಬಿಡು" ಎಂದು ಅವ್ವ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳಿಗೂ ಯಾರೋ ಹಾಗೇ ಹೇಳಿದ್ದರು, ಅವಳು ಮರೆತಂತೆ ಇದ್ದು ಬದುಕಿದ್ದಳು. ತಂಗಿಗೆ ಮಾತ್ರ ಅದು ಆಗಲಿಲ್ಲ. ಅವಳು ಕೂಸಿನ ಮಾತಿನ ಜೊತೆಗೆ ಉಳಿದ ಮಾತನ್ನೂ ಬಿಟ್ಟಳು. ಹೂಂ, ಉಹೂಂ, ಬ್ಯಾಡ. ಅಷ್ಟರಲ್ಲಿ ಅವಳ ದಿನ ಮುಗಿಯುತ್ತಿತ್ತು.

ಅವಳ ಗಂಡ ವಾರ ಬಿಟ್ಟು ವಾರ ಅಥಣಿಯಿಂದ ಬೈಕಿನ ಮೇಲೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಅಪ್ಪನ ಜೊತೆ ದ್ರಾಕ್ಷಿಯ ರೋಗದ ಬಗ್ಗೆ ಮಾತಾಡಿ, ಒಳಗಿನ ಕೋಣೆಯ ಬಾಗಿಲಿಗೆ ಒಂದು ಸಲ ಬಂದು ನಿಂತು ಹೊರಡುತ್ತಿದ್ದರು. ತಂಗಿ ಅಥಣಿಗೆ ಹೊರಳಿ ಹೋಗುತ್ತಾಳೋ ಇಲ್ಲವೋ ಎನ್ನುವುದು ಅವ್ವನ ಚಿಂತೆ. ನನ್ನ ಚಿಂತೆ ಇನ್ನೂ ಹತ್ತಿರದ್ದು. ಅವಳು ನಮ್ಮ ಕಡೆಗಾದರೂ ಹೊರಳುತ್ತಾಳೋ ಇಲ್ಲವೋ?

ನಾನು ಆಗ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಶನಿವಾರ ಮಧ್ಯಾಹ್ನ ಮಿರಜಿನ ಬಸ್ಸು ಹತ್ತಿ, ಮಾಂಜರಿಯ ಹತ್ತಿರ ಕೃಷ್ಣೆ ದಾಟುವಾಗ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ, ಎಚ್ಚರವಾಗುವಷ್ಟರಲ್ಲಿ ನಮ್ಮೂರಿಗೆ ಹೊರಳುವ ಫಾಟಾ. ನನ್ನ ಸಿಟ್ಟು ಮನೆಯಲ್ಲಿ ಹೆಸರುವಾಸಿ. ತಾಯತ, ದೃಷ್ಟಿಬೊಂಬೆ, ಅಂಗಾರ ಇಂಥವನ್ನು ಕಂಡರೆ ಉರಿದು ಬೀಳುತ್ತಿದ್ದೆ. ಆದ್ದರಿಂದ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಒಂದು ಶನಿವಾರ ದನಿ ತಗ್ಗಿಸಿ, "ಮಿರಜಿನ್ಯಾಗ ಒಬ್ರು ಕಲ್ಲ ಕೊಟ್ಟ ಮನಸ್ಸ ಹಗುರ ಮಾಡ್ತಾರಂತ. ತಂಗೀನ್ನ ಕರಕೊಂಡ ಹೋಗ್ತೀನಿ, ನೀವ ಬೈಬ್ಯಾಡ್ರಿ" ಎಂದಾಗ ನಾನು ಬೈಯಲಿಲ್ಲ. ನಾನೂ ಬರುತ್ತೇನೆ ಎಂದೆ. ಆ ಕಲ್ಲು ಕೊಡುವವರೆದುರೇ ನಿಂತು ಬೈಯೋಣವೆಂದು.

ಮಿರಜಿನ ಆ ಕಲ್ಲಿನವರನ್ನು ಎಲ್ಲರೂ ಕಾಕೂ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಮಾಸ್ತರಿಕೆ ಮಾಡಿ ನಿವೃತ್ತಿಯಾದ ಮರಾಠಿ ಹೆಂಗಸು, ಕನ್ನಡವೂ ಬಾಯಿತುಂಬ ಬರುತ್ತಿತ್ತು. ಮಾಳಿಗೆಯ ಮೇಲಿನ ಕೋಣೆ. ಕಿಟಕಿಗೆ ನೀಲಿ ಪರದೆ ಎಳೆದಿದ್ದರಿಂದ ಮಧ್ಯಾಹ್ನವೂ ಬೆಳಗಿನ ಜಾವದ ಹಾಗೆ ಕಾಣುತ್ತಿತ್ತು. ಗೋಡೆಯ ಉದ್ದಕ್ಕೂ ಪರಾತಗಳಲ್ಲಿ, ಅಂದರೆ ಅಗಲವಾದ ತಾಟುಗಳಲ್ಲಿ, ಅಕ್ಕಿ ಹರವಿ ಅದರ ಮೇಲೆ ಕಲ್ಲುಗಳನ್ನು ಇಟ್ಟಿದ್ದರು. ನೇರಳೆ, ಗುಲಾಬಿ, ಹೊಗೆಯ ಬಣ್ಣದ್ದು, ನೀರಿನಂಥದ್ದು. ನಾನು ಮನಸ್ಸಿನಲ್ಲೇ ಒಂದೊಂದಕ್ಕೂ ರಾಸಾಯನಿಕ ಸೂತ್ರ ಬರೆಯುತ್ತ ಕೂತೆ. ಹಾಗೆ ಬರೆಯುವುದರಲ್ಲಿ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ.

"ಬಸಾ, ಬಸಾ, ಕೂಡ್ರಿ. ಬಿಸಲ ಭಾಳ ಐತಿ, ಮೊದಲ ನೀರ ಕುಡೀರಿ" ಎಂದರು ಕಾಕೂ. ಏನಾಯಿತು, ಎಂದಾಯಿತು ಎಂದು ಕೇಳಲಿಲ್ಲ. ತಂಗಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ, ಮೂಲೆಯ ಪರಾತದಿಂದ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದರು. ಮೊಣಕೈಯಿಂದ ಮುಂಗೈವರೆಗಿನಷ್ಟು ಉದ್ದ, ಬುಡ ದಪ್ಪ, ತುದಿ ದುಂಡಗೆ. ಹಾಲಿಗೆ ಚಹಾ ಬಿದ್ದ ಬಣ್ಣ. ಹೊಳಪಿಲ್ಲ. ಆ ಕೋಣೆಯಲ್ಲಿದ್ದ ಕಲ್ಲುಗಳಲ್ಲೆಲ್ಲ ಇದೇ ಬಡಪಾಯಿ.

"ಇದು ಗುಹೆದ ಕಲ್ಲ" ಎಂದರು. "ಬ್ಯಾರೆ ಕಲ್ಲ ಬೆಂಕ್ಯಾಗ ಹುಟ್ಟತಾವ. ಇದು ನೀರಾಗ ಹುಟ್ಟಿದ್ದು, ಕತ್ತಲ್ಯಾಗ, ಹನಿ ಹನಿ. ಗುಹೆದಾಗ ಎರಡ ಥರಾ ಇರತಾವ. ಒಂದು ಮ್ಯಾಲಿಂದ ಜೋತಬೀಳತೈತಿ. ಅದನ್ನ ನಾ ಕೈ ಬಿಡಲಾರದವರಿಗೆ ಕೊಡತೀನಿ, ಹಿಡಕೊಂಡದ್ದನ್ನ ಸಾವಕಾಶ ಬಿಡಾಕ ಕಲಸತೈತಿ. ಇನ್ನೊಂದು ನೆಲದಿಂದ ಏಳತೈತಿ. ಮ್ಯಾಲಿಂದ ಬಿದ್ದ ಹನೀನ ಅದು. ಬಿದ್ದದ್ದೆಲ್ಲಾ ಹಾಳಾಗಿ ಹೋಗೂದಿಲ್ಲವ್ವಾ. ಬಿದ್ದಲ್ಲೇ ಏಳತೈತಿ." ಹಾಗೆಂದು ಆ ಕಲ್ಲನ್ನು ತಂಗಿಯ ಮಡಿಲಿಗೆ ಇಟ್ಟರು. ಮೇಲಿನದೂ ಕೆಳಗಿನದೂ ಕೂಡಿ ಕಂಬವಾದರೆ ಅದು ಗಂಡಹೆಂಡಿರ ಕಲ್ಲಂತೆ, ಮುನಿಸಿಕೊಂಡವರಿಗೆ ಕೊಡುವುದಂತೆ, ಆದರೆ ಅಂಥದ್ದು ತಮಗೆ ಇನ್ನೂ ಸಿಕ್ಕಿಲ್ಲವೆಂದು ನಕ್ಕರು.

ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವರು, "ಮನಿಗೆ ಹೋದ ಮ್ಯಾಲೆ ದೃಷ್ಟಿ ತಗೀತೇವಿ ಅಂತ ಲಿಂಬಿಹಣ್ಣ ಹಿಂಡಬ್ಯಾಡ್ರಿ. ಹುಳಿ ಆಗೂದಿಲ್ಲ ಇದಕ್ಕ. ಬರೇ ನೀರಾಗ ತೊಳೀರಿ, ಮಧ್ಯಾಹ್ನ ಮನಿ ಶಾಂತ ಆದಾಗ ಮಡಲಾಗ ಇಟಗೊಂಡ ಕೂಡ್ರಿ. ಅದರ ಕಡೆ ಏನೂ ಬೇಡಬ್ಯಾಡ್ರಿ" ಎಂದರು. ಸುಣ್ಣದ ಕಲ್ಲಿಗೆ ಹುಳಿ ಆಗುವುದಿಲ್ಲ ಎನ್ನುವುದು ನನ್ನದೇ ಪಾಠ. ನನ್ನ ಜಗಳ ಅಲ್ಲೇ ನಿಂತಿತು. ಬೆಲೆ ಕೇಳೋಣವೆಂದರೆ ವೈನಿ ಆಗಲೇ ಪರ್ಸು ತೆಗೆದಿದ್ದರು.

ಆ ಬೇಸಿಗೆಯ ರವಿವಾರದ ಮಧ್ಯಾಹ್ನಗಳು ನನಗೆ ಒಂದರಿಂದ ಒಂದನ್ನು ಬಿಡಿಸಲಾಗದ ಹಾಗೆ ನೆನಪಿವೆ. ಶೆಡ್ಡಿನಲ್ಲಿ ದ್ರಾಕ್ಷಿ ಒಣಗುವ ವಾಸನೆ ಸಿಹಿಯಾಗಿ, ಸ್ವಲ್ಪ ಹುಳಿಯಾಗಿ ಮನೆಯೊಳಗೆಲ್ಲ ತುಂಬಿರುತ್ತಿತ್ತು. ಕರೆಂಟು ಇರುತ್ತಿರಲಿಲ್ಲ. ತಂಗಿ ಕಲ್ಲನ್ನು ತೊಳೆದು, ಅವ್ವನ ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ಅವಳ ಪಕ್ಕ ಬರಿನೆಲದ ಮೇಲೆ ಮಲಗುತ್ತಿದ್ದೆ. ಹಿತ್ತಲಿನ ನಳ ಹನಿಯುವುದು ಕೇಳುತ್ತಿತ್ತು. ಒಂದು ಹನಿ, ಇನ್ನೊಂದು ಹನಿ, ನಡುವೆ ಎಷ್ಟು ಹೊತ್ತೋ. ಆ ಮಂಪರಿನಲ್ಲಿ ನಮ್ಮ ಮನೆಯ ಮಾಳಿಗೆಯಿಂದಲೇ ಬಿಳಿ ಕಲ್ಲುಗಳು ಇಳಿದಂತೆ, ನಾವಿಬ್ಬರೂ ಅವುಗಳ ಕೆಳಗೆ ಬಹಳ ವರ್ಷದಿಂದ ಕೂತಂತೆ ಅನಿಸುತ್ತಿತ್ತು. ಎದ್ದರೆ ಚಹಾದ ಹೊತ್ತು. ತಂಗಿ ಹಾಗೇ ಕೂತಿರುತ್ತಿದ್ದಳು.

ಎರಡು ತಿಂಗಳಾದರೂ ಅವಳು ಮಾತಾಡಲಿಲ್ಲ. ಅವ್ವ ಕಲ್ಲಿನ ಕಡೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡು ನನ್ನ ಸಿಟ್ಟು ಮತ್ತೆ ಎದ್ದಿತು. ಒಂದು ಶನಿವಾರ ಕಾಲೇಜಿನ ಪ್ರಯೋಗಾಲಯದಿಂದ ಡ್ರಾಪರ್ ಬಾಟಲಿಯಲ್ಲಿ ತೆಳುವಾದ ಆ್ಯಸಿಡ್ ತಂದೆ. ಮರುದಿನ ಮಧ್ಯಾಹ್ನ ತಂಗಿಯ ಮಡಿಲಿನಿಂದ ಕಲ್ಲನ್ನು ಎತ್ತಿ ತಾಟಿನಲ್ಲಿಟ್ಟು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಶುರುಮಾಡಿದೆ. "ಇಲ್ನೋಡು. ಇದು ಬರೇ ಸುಣ್ಣ. ಅವ್ವನ ಹಂಡೇದಾಗ ಬಿಳೇ ಪದರ ಕಟ್ಟತೈತಲ್ಲ, ಅದು. ಅಪ್ಪ ಮೈಲುತುತ್ತದ ಕೂಡ ಕಲಿಸಿ ದ್ರಾಕ್ಷಿಗೆ ಹೊಡೀತಾನಲ್ಲ, ಅದು. ಎಲಿಗೆ ಹಚಗೊಳ್ಳೂದೂ ಅದ. ಇದರಾಗ ಮಾಯಾ ಮಂತ್ರ ಏನೂ ಇಲ್ಲ." ಹೇಳುತ್ತಲೇ ಕಲ್ಲಿನ ಭುಜದ ಮೇಲೆ ಮೂರು ಹನಿ ಬಿಟ್ಟೆ.

ಕಲ್ಲು ನೊರೆಗಟ್ಟಿತು. ಮೌನವಾದ ಆ ಮನೆಯಲ್ಲಿ ಅದರ ಸಣ್ಣ ಸುಸ್ಸ್ ಎನ್ನುವ ದನಿ ಬಹಳ ಹೊತ್ತು ಕೇಳಿತು.

"ಅದಕ್ಕ ಉರೀತೇನಕ್ಕಾ?" ಎಂದಳು ತಂಗಿ.

ಎಷ್ಟು ತಿಂಗಳ ಮೇಲೆ ಅವಳು ಆಡಿದ ಇಡೀ ಮಾತು. "ಕಲ್ಲಿಗೆ ಏನ ಉರೀತೈತಿ" ಎಂದೆ ನಾನು. ಅವಳು ಕಲ್ಲನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ನಳದ ಕೆಳಗೆ ಹಿಡಿದಳು. ನೊರೆ ಹೋದ ಮೇಲೂ ಹಿಡಿದೇ ಇದ್ದಳು. ನೀರು ನಿಲ್ಲಿಸದೆ, ನನ್ನ ಕಡೆ ನೋಡದೆ, "ದವಾಖಾನ್ಯಾಗ ಸೂಜಿ ಮಾಡಿದಾಗ ಆಕಿನೂ ಇಷ್ಟ ಸಣ್ಣ ದನಿ ಮಾಡಿದ್ಲು. ಅಳಾಕ ಸೈತ ತ್ರಾಣ ಇರಲಿಲ್ಲ ಆಕಿಗೆ" ಎಂದಳು.

ಆಕಿ ಎಂದಳು. ಅಷ್ಟು ದಿನ ನಾವೆಲ್ಲ ಅದು, ಅದು ಎನ್ನುತ್ತಿದ್ದೆವು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಬಾಟಲಿಯನ್ನು ಬ್ಯಾಗಿನ ತಳಕ್ಕೆ ತುರುಕಿ ಸಂಜೆಯ ಬಸ್ಸಿಗೇ ಚಿಕ್ಕೋಡಿಗೆ ಹೊರಟುಬಿಟ್ಟೆ. ದಾರಿಯುದ್ದಕ್ಕೂ ಅತ್ತೆ. ಪಕ್ಕದಲ್ಲಿ ಕೂತ ಅಜ್ಜಿ ಒಂದು ಬಾಳೆಹಣ್ಣು ಕೊಟ್ಟಳು.

ಆ ವರ್ಷ ಚಳಿಗಾಲಕ್ಕೆ ಕಾಲೇಜಿನಿಂದ ಮಕ್ಕಳನ್ನು ಕರೆದುಕೊಂಡು ಬಳ್ಳಾರಿ ದಾಟಿ, ಆಂಧ್ರದ ಸೀಮೆಯ ಒಂದು ಸುಣ್ಣಕಲ್ಲಿನ ಗುಹೆಗೆ ಹೋಗಿದ್ದೆವು. ಮೇಲೆ ಮೆಣಸಿನಕಾಯಿ ಹೊಲ, ಬಯಲು, ಕಣ್ಣು ಕುಕ್ಕುವ ಬಿಸಿಲು. ನೆಲದಲ್ಲೊಂದು ತೂತು, ಅದರೊಳಗೆ ಮೆಟ್ಟಿಲು. ಇಳಿಯುತ್ತ ಇಳಿಯುತ್ತ ಮಕ್ಕಳ ಗದ್ದಲ ತಾನಾಗಿಯೇ ಕರಗಿತು. ಒಳಗೆ ಗಾಳಿ ಬೆಚ್ಚಗೆ, ಒದ್ದೆಯಾಗಿ ಮೈಗೆ ಅಂಟುತ್ತಿತ್ತು. ದೀಪದ ಬೆಳಕು ಬಿದ್ದಲ್ಲೆಲ್ಲ ಕಲ್ಲು ಇಳಿದಿತ್ತು, ಕಲ್ಲು ಎದ್ದಿತ್ತು. ಕೆಲವು ಬೆರಳಿನಷ್ಟು, ಕೆಲವು ಆಳೆತ್ತರ. ಪ್ರತಿಯೊಂದು ಇಳಿಗಲ್ಲಿನ ಕೆಳಗೂ ಅದರದ್ದೇ ಒಂದು ಗಿಡ್ಡ ಕಲ್ಲು ಮುಖ ಮೇಲೆ ಮಾಡಿಕೊಂಡು ನಿಂತಿತ್ತು. ಮಳೆಯ ನೀರು ಮಣ್ಣಿನ ಗಾಳಿಯನ್ನು ಹೀರಿ ತೆಳು ಆಮ್ಲವಾಗಿ, ಸುಣ್ಣವನ್ನು ಕರಗಿಸಿ ಹೊತ್ತು ತಂದು, ಇಲ್ಲಿ ಗಾಳಿಯನ್ನು ಬಿಟ್ಟುಕೊಟ್ಟು ಸುಣ್ಣವನ್ನು ಇಳಿಸಿ ಹೋಗುತ್ತದೆ ಎಂದು ನಾನು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೆ. ಅದು ನಡೆಯುವುದನ್ನು ಎಂದೂ ಕಂಡಿರಲಿಲ್ಲ. ಕಲ್ಲಿನ ತುದಿಯಲ್ಲಿ ಒಂದು ಹನಿ ತುಂಬಿಕೊಂಡು, ಬೀಳಲೋ ಬೇಡವೋ ಎಂದು ನಿಂತು, ಬಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ಒಂದು ಹುಡುಗಿ ಕೈ ಚಾಚಿದಳು. ದಾರಿ ತೋರಿಸುವವನು ಬೇಡವೆಂದು ಅವಳನ್ನು ತಡೆದ. ಕೈಯ ಎಣ್ಣೆ ಅಂಟಿದರೆ ಅಲ್ಲಿ ಮತ್ತೆ ಸುಣ್ಣ ಹಿಡಿಯುವುದಿಲ್ಲ, ಮುಟ್ಟಿ ಮುಟ್ಟಿ ಎಷ್ಟೋ ಕಲ್ಲುಗಳ ಬೆಳವಣಿಗೆ ನಿಂತುಹೋಗಿದೆ ಎಂದ. ಅವನು ಅರ್ಧ ತೆಲುಗಿನಲ್ಲಿ ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ನಾವು ಮನೆಯಲ್ಲಿ ತಂಗಿಯನ್ನು ಎಷ್ಟು ಮುಟ್ಟಿದ್ದೆವು. ಮರೆ ಎಂದು ಒಬ್ಬರು, ಅಳು ಎಂದು ಒಬ್ಬರು, ಊಟ ಮಾಡು, ಹೊರಗೆ ಬಾ, ಅಥಣಿಗೆ ಹೋಗು. ಅಲ್ಲಿಂದ ಮುಂದೆ ನಾನು ಅವಳಿಗೆ ಏನೂ ಹೇಳಲಿಲ್ಲ. ಗುಹೆಯ ಕಥೆಯನ್ನಷ್ಟೇ ಹೇಳಿದೆ. ಅದೂ ಅವಳು ಕೇಳಿದ್ದಕ್ಕೆ.

"ಕೆಳಗ ಬಿದ್ದ ಹನಿ ಪೂರಾ ಕಲ್ಲ ಆಗತೈತೇನು?" ಎಂದಳು.

"ಇಲ್ಲ. ಒಂದೀಟ ಸುಣ್ಣ ಅಷ್ಟ ಉಳೀತೈತಿ. ನೀರು ಹರಕೊಂಡ ಹೋಗತೈತಿ."

"ಒಂದೀಟರ ಉಳೀತೈತಲ್ಲ" ಎಂದಳು. ಎದ್ದು ಹೋಗಿ ಇಬ್ಬರಿಗೂ ತಾನೇ ಚಹಾ ಮಾಡಿದಳು.

ಮುಂದಿನ ಬೇಸಿಗೆಗೆ ವೈನಿ ಹಡೆದರು. ಅವರ ತವರಿನಲ್ಲಿ ತಾಯಿಗೆ ಹುಷಾರಿಲ್ಲದ್ದರಿಂದ ಬಾಣಂತನ ನಮ್ಮಲ್ಲೇ ಆಯಿತು. ಹೆಣ್ಣು ಮಗು. ಒಂಬತ್ತನೆಯ ದಿನ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಹದಿಮೂರನೆಯ ದಿನ ಅಟ್ಟದಿಂದ ಅದೇ ತೊಟ್ಟಿಲು ಇಳಿಯಿತು. ತೊಟ್ಟಿಲ ಕಾರ್ಯದಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ನಾವಿಬ್ಬರೂ ಸೋದರತ್ತೆಯರೇ. ಆದರೆ ಕೂಸು ಕಳೆದುಕೊಂಡವಳು ಬೇಡ ಎಂದು ಹಿರಿಯರು ಪಿಸುಗುಟ್ಟಿ, ನಾನು ಕೂರುವುದು, ತಂಗಿ ಅಡಿಗೆಮನೆ ನೋಡಿಕೊಳ್ಳುವುದು ಎಂದು ಠರಾಯಿಸಿದ್ದರು. ನಾನು ಅದಕ್ಕೆ ಎದುರಾಡಲಿಲ್ಲ. ಹೆಸರುವಾಸಿಯಾದ ನನ್ನ ಸಿಟ್ಟು ಬೇಕಾದಾಗ ಎಲ್ಲಿಗೆ ಹೋಗಿತ್ತೋ.

ನಮ್ಮಲ್ಲಿ ಕೂಸನ್ನು ನೇರವಾಗಿ ತೊಟ್ಟಿಲಿಗೆ ಹಾಕುವುದಿಲ್ಲ. ಮೊದಲು ರುಬ್ಬುವ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ತಲೆಗೆ ಕೂಸಿನ ಕುಂಚಿಗೆ ತೊಡಿಸಿ, ಕಾಡಿಗೆ ಕುಂಕುಮ ಇಟ್ಟು ಅದನ್ನೇ ಕೂಸಿನ ಹಾಗೆ ಮಲಗಿಸಿ ತೂಗುತ್ತಾರೆ. ಕಲ್ಲಿನ ಆಯುಷ್ಯ ಕೂಸಿಗೆ ಬರಲಿ ಎಂದು. ಆಮೇಲೆ ಕಲ್ಲು ತೆಗೆದು ಕೂಸು. ನಮ್ಮ ಮನೆಯಲ್ಲಿ ಮಿಕ್ಸರ್ ಬಂದು, ಹಿತ್ತಲಿಗೆ ಫರಸಿ ಕಲ್ಲು ಹಾಸಿಸುವಾಗ ಒಳಕಲ್ಲೂ ಗುಂಡೂ ಎಲ್ಲಿಗೋ ಹೋಗಿದ್ದು ಆ ದಿನ ಬೆಳಿಗ್ಗೆ ಹುಡುಕಿದಾಗಲೇ ಎಲ್ಲರಿಗೂ ನೆನಪಾದದ್ದು. ಪಕ್ಕದ ತೋಟದ ಮನೆಯಿಂದ ತರಿಸೋಣವೆನ್ನುವಷ್ಟರಲ್ಲಿ ನಮ್ಮ ದೊಡ್ಡವ್ವ ಒಳಗಿನ ಕೋಣೆಯಿಂದ ಬಂದಳು. ದೊಡ್ಡವ್ವ ರಾಯಬಾಗದಿಂದ ಆಗಷ್ಟೇ ಬಂದಿದ್ದವಳು, ಕಿವಿ ಮಂದ. ಅವಳ ಕೈಯಲ್ಲಿ ಮೆತ್ತನೆಯ ಸೀರೆ ಸುತ್ತಿದ ಕಲ್ಲು. "ಎಲ್ಲಾ ತಯಾರ ಮಾಡಿ ಇಟ್ಟ ಮತ್ತ್ಯಾಕ ಹುಡಕಾಕತ್ತೀರಿ?" ಎನ್ನುತ್ತ ಕೂತು, ಆ ಕಲ್ಲಿಗೆ ಕೆಂಪು ಕುಂಚಿಗೆ ತೊಡಿಸಿ, ಗಂಟು ಹಾಕಿ, ಕಾಡಿಗೆ ತೀಡಿದಳು.

ತೊಳೆದು, ಬಟ್ಟೆ ಸುತ್ತಿ, ತೊಟ್ಟಿಲ ದಿನ ಮಂಚದ ಮೇಲೆ ಇಟ್ಟ ಕಲ್ಲು ನಮ್ಮ ಸೀಮೆಯ ಯಾವ ಮುದುಕಿಗಾದರೂ ಗುಂಡೇ ಅನಿಸುತ್ತಿತ್ತು. ಅದು ತಂಗಿಯ ಕಲ್ಲೆಂದು ಗೊತ್ತಿದ್ದ ನಾವು ನಾಲ್ಕೈದು ಜನ ಕಲ್ಲಾಗಿ ನಿಂತೆವು. ದೊಡ್ಡವ್ವನಿಗೆ ಏನೂ ಕೇಳದು. "ಹಿಡೀರೇ, ಕೆಳಗಿಂದ ಕೊಡ್ರಿ, ಮ್ಯಾಲಿಂದ ತಗೋರಿ" ಎಂದು ತೊಟ್ಟಿಲಿನ ಕೆಳಗಿನಿಂದ ಅದನ್ನು ನನ್ನ ಕೈಗೆ ದಾಟಿಸಿದಳು. ಕಲ್ಲು ತಣ್ಣಗಿತ್ತು, ನಾನು ನೆನಸಿದ್ದಕ್ಕಿಂತ ಭಾರವಾಗಿತ್ತು. ಅದನ್ನು ಹಿಡಿದುಕೊಂಡೇ ತಲೆಯೆತ್ತಿದೆ. ತಂಗಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಕೈಗೆಲ್ಲ ಹಿಟ್ಟು.

ಅವಳು ಓಡಿ ಬಂದು ಕಸಿದುಕೊಳ್ಳುತ್ತಾಳೆ ಎಂದುಕೊಂಡೆ. ಇಲ್ಲವೆಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ, ಇನ್ನೆಂದೂ ತೆರೆಯುವುದಿಲ್ಲ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಧಾನವಾಗಿ ಬಂದು ನನ್ನ ಪಕ್ಕ ನಿಂತಳು. "ಮಲಗಸಕ್ಕಾ" ಎಂದಳು. ನಾನು ಮಲಗಿಸಿದೆ. ಅವಳು ತೊಟ್ಟಿಲಿನ ಅಂಚು ಹಿಡಿದು ಎರಡು ಸಲ ತೂಗಿದಳು. ಆಮೇಲೆ ಬಗ್ಗಿ, ಕುಂಚಿಗೆಯ ಅಂಚು ಸರಿಸಿ, ಕೂಸಿನ ಕಿವಿಯಲ್ಲಿ ಹೇಳುವ ಹಾಗೆ "ಕುರ್ರ್" ಎಂದು, ಒಂದು ಹೆಸರು ಹೇಳಿದಳು.

ಕಲ್ಲಿನ ಕಿವಿಯಲ್ಲಿ ಯಾರೂ ಹೆಸರು ಹೇಳುವುದಿಲ್ಲ. ಹೆಸರು ಕೂಸಿಗೆ ಮಾತ್ರ. ವೈನಿಯ ಕಡೆಯ ಒಬ್ಬ ಹಿರಿಯ ಹೆಂಗಸು, "ಅಗ ಬಾಯಿ, ಶುಭ ದಿವಸ ಇದೇನಿದು" ಎಂದು ಎದ್ದರು. ಬಾಣಂತಿ ವೈನಿ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿದ್ದವರು, ತಮ್ಮ ತವರಿನವರ ಕಡೆಗೇ ತಿರುಗಿ, "ಇರಲಿ ಮಾವಶಿ. ದೊಡ್ಡಾಕಿದು ಮೊದಲ ಆಗ್ಲಿ. ಸಣ್ಣಾಕಿದು ಆಮ್ಯಾಲೆ" ಎಂದರು.

ಹೆಸರು ಹೇಳಿ ಬಗ್ಗಿದ ಸೋದರತ್ತೆಯ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದುವುದು ನಮ್ಮ ಪದ್ಧತಿ, ನಗುತ್ತ ಗುದ್ದುವುದು. ತಂಗಿ ಇನ್ನೂ ಬಗ್ಗಿಯೇ ಇದ್ದಳು. ಮೊದಲು ಅವ್ವನ ಕೈ ಎದ್ದಿತು. ಮೆಲ್ಲಗೆ, ಅಂಜಿಕೊಂಡು ಒಂದು ಗುದ್ದು. ಆಮೇಲೆ ನನ್ನದು. ಆಮೇಲೆ ಎಲ್ಲರದೂ. ಮುಷ್ಟಿಗಳ ಕೆಳಗೆ ತಂಗಿ ಅಳುತ್ತಿದ್ದಳು, ಅಳುತ್ತಲೇ "ಸಾಕ್ರೇ, ಎಷ್ಟ ಹೊಡೀತೀರಿ" ಎಂದು ನಕ್ಕಳು.

"ಏನಂತ ಇಟ್ಟಿ?" ಎಂದು ಅವ್ವ ಕೇಳಿದಳು. ತಂಗಿ ನೆಟ್ಟಗೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. ಅವ್ವ ಆ ಹೆಸರನ್ನು ಬಾಯಲ್ಲಿ ಎರಡು ಸಲ ಆಡಿಸಿ ನೋಡಿ, ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದಳು. ಹೆಸರಿಟ್ಟ ಮೇಲೆ ಸಕ್ಕರೆ ಹಂಚಬೇಕಲ್ಲ. ಒಬ್ಬೊಬ್ಬರ ಕೈಗೂ ಚಿಟಿಕೆ ಚಿಟಿಕೆ ಹಾಕುತ್ತ ಬಾಗಿಲವರೆಗೆ ಬಂದಳು. ತೊಟ್ಟಿಲ ಹತ್ತಿರ ಗಂಡಸರು ಬರುವ ರೂಢಿಯಿಲ್ಲ. ಆದರೆ ತಂಗಿಯ ಗಂಡ ಕಟ್ಟೆಯಿಂದ ಎದ್ದು ಬಂದು ಬಾಗಿಲಲ್ಲಿ ಅಂಗೈ ಚಾಚಿ ನಿಂತಿದ್ದರು.

ಅವ್ವ ಚಿಟಿಕೆಯಲ್ಲ, ಹಿಡಿ ತುಂಬ ತೆಗೆದು ಅವರ ಕೈಗೆ ಸುರಿದಳು.

"ತಗೋರಿ ಅಳಿಯಂದ್ರ" ಎಂದಳು, "ನಿಮ್ಮ ಮಗಳ ಹೆಸರಿನ ಸಕ್ರಿ."